ಬರೀ ಕಥಿ ಅನ್ನಬೇಕಂತ

ಅಣ್ಣನ ಕೈಯಲ್ಲಿ ಪೇಪರ್ ಕಪ್ಪಿತ್ತು. ಶಿವಕಾಂತನ ಕೈಯಲ್ಲಿ ಗಾಜಿನ ಗ್ಲಾಸಿತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕ್ಯಾಮೆರಾ ನೋಡಿ ನಗುತ್ತಿದ್ದರು. ಕೆಳಗೆ ದಪ್ಪ ಅಕ್ಷರ: "ನಮ್ಮೂರಾಗ ಭೇದ ಇಲ್ಲ. ಒಂದೇ ಚಾ, ಒಂದೇ ಜೀವ."

ರೀಲಿಗೆ ಆ ಅಕ್ಷರ ಕೂರಿಸಿದವನು ನನ್ನ ಅಣ್ಣ ವೀರೇಶನೇ. ಹಾಡು ಹಾಕಿದವನೂ ಅವನೇ. ಶಿವಕಾಂತ ನಮ್ಮೂರ ಸಾವ್ಕಾರ ಅಮರಗುಂಡಪ್ಪನ ಮಗ. ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುವವನು. ಅವನ ಹುಟ್ಟುಹಬ್ಬದ ಬ್ಯಾನರು, ಅವನು ಗಿಡ ನೆಟ್ಟ ರೀಲು, ಅವನು ಸಿಂಧನೂರಿನಲ್ಲಿ ಯಾವುದೋ ದೊಡ್ಡ ಲೀಡರಿಗೆ ಶಾಲು ಹೊದಿಸಿದ ಫೋಟೋ, ಎಲ್ಲಾ ಅಣ್ಣನ ಫೋನಿನಲ್ಲಿ ಹುಟ್ಟುತ್ತಿದ್ದವು. ಡಿಗ್ರಿ ಮುಗಿಸಿ ಖಾಲಿ ಕೂತಿದ್ದ ಅಣ್ಣನಿಗೆ ಇದೇ ರಾಜಕೀಯವಾಗಿತ್ತು. ಯಾರಿಗೆ ಬೈಯಬೇಕು, ಯಾರಿಗೆ ಜೈ ಅನ್ನಬೇಕು ಅಂತ ದಿನಾ ಮುಂಜಾನೆ ಗ್ರೂಪಿನಲ್ಲಿ ಬರುತ್ತಿತ್ತು. ಅಣ್ಣ ಹಂಚುತ್ತಿದ್ದ.

"ನೋಡಬೇ ಅವ್ವ, ಎಷ್ಟು ಮಂದಿ ನೋಡ್ಯಾರ!" ಅಂತ ಫೋನು ಹಿಡಿದು ಬಂದ.

ಅವ್ವ ಆಗಷ್ಟೇ ಗದ್ದೆಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಾಟಿ ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಮುಂಜಾನೆಯಿಂದ ಬಗ್ಗಿದ್ದವಳಿಗೆ ಸೊಂಟ ನೆಟ್ಟಗಾಗಲು ಹೊತ್ತು ಬೇಕು. ಬೆರಳ ಸಂದಿಗಳು ಬೆಳ್ಳಗೆ ಹುಣ್ಣಾಗಿದ್ದವು. ಅದಕ್ಕೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತಾ ಒಂದು ಸಲ ನೋಡಿ, "ಛಂದೈತಿ," ಅಂದಳು.

ನಾನೂ ನೋಡಿದ್ದೆ. ಬಸ್ಸಿನಲ್ಲಿ ಸಿಂಧನೂರಿನ ಕಾಲೇಜಿನಿಂದ ಬರುವಾಗಲೇ ನೋಡಿ ಹೃದಯದ ಗುರುತು ಒತ್ತಿದ್ದೆ.

ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಅವಳಿಗೆ ಒಂದೇ ಕಣ್ಣು ಸರಿಯಾಗಿ ಕಾಣುವುದು. ಬಹಳ ಹೊತ್ತು ನೋಡಿದಳು.

"ಲೇ ವೀರ್ಯಾ, ನಿನ್ನ ಕೈಯಾಗ ಏನೈತೋ?"

"ಚಾ ಬೇ ಅಜ್ಜಿ."

"ಚಾ ಅಂಬೋದು ನನಗೂ ತಿಳೀತದ. ಯಾತರಾಗೈತಿ?"

ಅಣ್ಣ ಫೋನು ಕಸಿದುಕೊಂಡ. ನೋಡಿದ. ಮತ್ತೆ ಹಚ್ಚಿ ನೋಡಿದ. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಅಣ್ಣನ ಮುಖದ ನಗು ಮಾತ್ರ ಮತ್ತೆ ಬರಲಿಲ್ಲ.

ಯಾರಿಗೂ ಕಂಡಿರಲಿಲ್ಲ. ರೀಲು ಮಾಡಿದ ಅಣ್ಣನಿಗೆ ಕಂಡಿರಲಿಲ್ಲ. ಮಾಡಿಸಿದ ಶಿವಕಾಂತನಿಗೆ ಕಂಡಿರಲಿಲ್ಲ. ಬಿ.ಎ. ಓದುವ ನನಗೆ ಕಂಡಿರಲಿಲ್ಲ. ಭೇದ ಇಲ್ಲ ಅಂತ ಹೇಳಲು ಕೂತವರು ಭೇದವನ್ನೇ ಕೈಯಲ್ಲಿ ಹಿಡಿದು ಕೂತಿದ್ದರು. ಅದು ಅಷ್ಟು ರೂಢಿಯಾಗಿತ್ತು.

ನಮ್ಮೂರಲ್ಲಿ ಬಸ್ಸು ನಿಲ್ಲುವ ಕಡೆ ಪಾರ್ವತೆಮ್ಮನ ಹೋಟ್ಲಿದೆ. ಕರೋನಾ ಬಂದಾಗ ಗ್ಲಾಸುಗಳು ಹೋಗಿ ಎಲ್ಲರಿಗೂ ಪೇಪರ್ ಕಪ್ ಬಂತು. ಕರೋನಾ ಹೋಯಿತು. ಊರವರಿಗೆ ಗ್ಲಾಸು ಮರಳಿ ಬಂತು. ನಮ್ಮ ಕೇರಿಗೆ ಮಾತ್ರ ಕರೋನಾ ಇನ್ನೂ ಹೋಗಿಲ್ಲ. ಕೇರಿಯವರು ಹೋಟ್ಲಿನ ಹೊರಗೆ ಬೇವಿನ ಮರದ ಕೆಳಗೆ ನಿಂತರೆ ಪಾರ್ವತೆಮ್ಮ ಕಪ್ಪು ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಾಳೆ. ಒಂದು ಸಲ ಅವ್ವ ಯಾಕೆ ಹೀಗೆ ಅಂತ ಕೇಳಿದ್ದಳಂತೆ. "ಹೊಸಾದು ಕೊಡ್ತೀನಲ್ಲಬೇ ಗ್ಯಾನಿ, ಯಾರೂ ಬಾಯಿ ಹಚ್ಚಲಾರದ್ದು. ಛಲೋದು ಕೊಟ್ರೂ ತಕರಾರು ನಿಮ್ಮದು," ಅಂದಿದ್ದಳಂತೆ. ಅವ್ವನ ಹೆಸರು ಗ್ಯಾನಮ್ಮ. ಊರೊಳಗೆ ಯಾರ ಬಾಯಲ್ಲೂ ಆ ಹೆಸರಿನ ಕೊನೆಯ ಅರ್ಧ ಬರುವುದಿಲ್ಲ.

ರೀಲಿಗೋಸ್ಕರ ಆವತ್ತು ಅಣ್ಣನಿಗೆ ಒಳಗಿನ ಬೆಂಚು ಸಿಕ್ಕಿತ್ತು. ರೀಲು ಮುಗಿದ ಮೇಲೆ ಪಾರ್ವತೆಮ್ಮ ಆ ಬೆಂಚಿಗೆ ನೀರು ಸುರಿದು ಒರೆಸಿದಳು. ಅದನ್ನು ಅಣ್ಣ ಆಮೇಲೆ ಹೇಳಿದ. ಕೇಳದೆಯೇ ಹೇಳಿದ.

ನಾನು ಅಜ್ಜಿಯ ಕಥೆಗಳಲ್ಲಿ ಬೆಳೆದವಳು. ಅಜ್ಜಿ ಜೋಗಮ್ಮ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದ ಏಳು ಮಂದಿ ಅಕ್ಕತಂಗಿಯರು, ಬಾವಿಯೊಳಗಿನ ಹಾವಿನ ರಾಣಿ, ಗಿಣಿಯಾದ ರಾಜಕುಮಾರ, ಎಲ್ಲರೂ ಈಗಲೂ ನನ್ನ ಜೊತೆ ಬಸ್ಸು ಹತ್ತುತ್ತಾರೆ. ಕಾಲುವೆಗೆ ನೀರು ಬಿಟ್ಟ ದಿನ ಆ ಕೆಂಪು ನೀರು ಹರಿಯುವುದನ್ನು ನೋಡಿದರೆ ನನಗೆ ಯಾವುದೋ ದೊಡ್ಡ ಪ್ರಾಣಿ ಎದ್ದು ಹೊರಟಂತೆ ಕಾಣುತ್ತದೆ. "ಕನಸಗಣ್ಣಿ," ಅಂತ ಅವ್ವ ಬೈಯುತ್ತಾಳೆ. ಫೋನು ಕೈಗೆ ಬಂದ ಮೇಲೆ 'ಜೋಗಮ್ಮನ ಕಥಿ' ಅಂತ ಒಂದು ಪೇಜು ಮಾಡಿ ಅಜ್ಜಿಯ ಕಥೆಗಳನ್ನು ಅದಕ್ಕೆ ಹಾಕುತ್ತಿದ್ದೆ. ಜನ ನೋಡುತ್ತಿದ್ದರು. ಶಿವಕಾಂತನ ತಂಗಿ ಶಿವರಂಜನಿ ಕೂಡ ಪ್ರತಿ ಕಥೆಗೂ ಹೃದಯ ಒತ್ತುತ್ತಿದ್ದಳು. ಅವರ ಮನೆಯ ಹೊಸ್ತಿಲು ದಾಟದ ಅಜ್ಜಿ ಅವರ ಫೋನಿನೊಳಗೆ ಹೋಗಿ ಬರುತ್ತಿದ್ದಳು.

ಆ ಸಂಜೆ ಅಜ್ಜಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು. ನಾನು ಫೋನು ಹಿಡಿದೆ.

"ಇವತ್ತು ಯಾವ ಕಥಿ ಬೇ?"

"ಇವತ್ತು ಹೊಸಾದು," ಅಂದಳು. ಮೊರ ಕುಟ್ಟಿದಳು. ಶುರು ಮಾಡಿದಳು.

"ಒಂದೂರಾಗ ಒಬ್ಬ ರಾಕ್ಷಸ ಇದ್ದ. ಹೊಡದ್ರ ಸಾಯ್ತಿದ್ದಿಲ್ಲ. ಮೈ ಬದಲಿ ಮಾಡ್ತಿದ್ದ. ನಮ್ಮವ್ವನ ಕಾಲಕ್ಕ ತೆಂಗಿನ ಚಿಪ್ಪಾಗಿದ್ದ. ಹೋಟ್ಲ ಹಿಂದಿನ ಬೇಲ್ಯಾಗ ಜೋತಾಡ್ತಿದ್ದ. ನಾವ ತಗೋಬೇಕು, ನಾವ ತೊಳೀಬೇಕು, ತಿರುಗಿ ನಾವ ಬೇಲ್ಯಾಗ ಸಿಗಸಬೇಕು. ನಮ್ಮ ಹುಡುಗ್ರು ನಾಕಕ್ಷರ ಕಲ್ತು ಬಂದು ಚಿಪ್ಪು ಒಡದು ಹಾಕಿದ್ರು. ರಾಕ್ಷಸ ಸತ್ತ ಅಂತ ಕುಣದಾಡಿದ್ವಿ. ಅವ ಎಲ್ಲಿ ಸಾಯ್ತಾನ? ಜರ್ಮನ್ ಲೋಟ, ಅಲ್ಯುಮಿನಿ ಲೋಟ ಆಗಿ ಬಂದ. ತಳಕ್ಕ ಕೆಂಪು ಬಣ್ಣ ಬಳಕೊಂಡು ಬಂದ, ನಮ್ಮದು ಯಾವುದು ಅಂತ ಗುರುತು ಸಿಗಬೇಕಲ್ಲ! ಆಮ್ಯಾಲ ಕೇಸಾತು. ಪೊಲೀಸ್ರು ಬಂದು ಲೋಟ ಒಯ್ದ್ರು. ಈಗರ ಸತ್ತ ಅಂದ್ವಿ."

"ಸತ್ತನಾ?"

"ಈಗ ಭಾಳ ಹಗುರ ಆಗ್ಯಾನ. ಬೆಳ್ಳಗ, ಸೊಚ್ಛ ಆಗ್ಯಾನ. ಕುಡದು ಒಗದ್ರ ಗಾಳೀಗಿ ಹಾರಿ ಹೋಗ್ತಾನ, ಸಾಕ್ಷಿ ಸೈತ ಉಳಿಯಂಗಿಲ್ಲ. ಯಾರ ಕಣ್ಣಿಗೂ ಬೀಳಂಗಿಲ್ಲ. ನಿಮ್ಮಣ್ಣನ ಕೈಯಾಗ ಕುಂತು ನಗಾಕತ್ಯಾನ, ನೋಡು."

ನಾನು ಮಾಡಿದ್ದು ಇಷ್ಟೇ. ಶಿವಕಾಂತನ ರೀಲು ತೆಗೆದುಕೊಂಡೆ. ಹಾಡು ತೆಗೆದೆ. ಅಜ್ಜಿಯ ದನಿ ಹಾಕಿದೆ. ಬೇರೆ ಒಂದು ಅಕ್ಷರ ಸೇರಿಸಲಿಲ್ಲ. "ಒಂದೇ ಚಾ, ಒಂದೇ ಜೀವ" ಅನ್ನುವುದನ್ನೂ ಹಾಗೇ ಬಿಟ್ಟೆ.

ಅಣ್ಣ ನೋಡಿ ಕೈ ಮುಗಿದ. "ಬ್ಯಾಡಬೇ ಸಂಗಿ. ಶಿವಕಾಂತಣ್ಣ ಸಿಂಧನೂರಾಗ ರೈಸ್ ಮಿಲ್ಲಿನ್ಯಾಗ ಕೆಲಸ ಕೊಡಸ್ತೀನಿ ಅಂದಾನ. ನನ್ನ ಬಾಯಿಗಿ ಮಣ್ಣು ಹಾಕಬ್ಯಾಡ."

"ನಿನ್ನ ಬಾಯಿಗಿ ಪೇಪರ್ ಕಪ್ ಹಾಕ್ಯಾನಲ್ಲೋ ಅವ."

"ಅದು ನನಗ ಬಿಟ್ಟಿದ್ದು."

"ನಿನಗೊಬ್ಬನಿಗೇ ಬಿಟ್ಟಿದ್ರ ನಾ ಸುಮ್ನ ಇರ್ತಿದ್ದೆ."

ಹಾಕಿಬಿಟ್ಟೆ.

ಮರುದಿನ ಬಸ್ಸಿನಲ್ಲಿ ಹುಡುಗಿಯರು ನನ್ನನ್ನೇ ನೋಡುತ್ತಿದ್ದರು. ಯಾರೋ ಹಿಂದಿನ ಸೀಟಿನಲ್ಲಿ ಅಜ್ಜಿಯ ದನಿ ಹಚ್ಚಿದ್ದರು. ನನ್ನ ಅಜ್ಜಿ ಬಸ್ಸು ತುಂಬ ಮಾತಾಡುತ್ತಿದ್ದಳು. ಫೋನು ತೆಗೆದರೆ ಕಮೆಂಟುಗಳು ಇರುವೆ ಸಾಲಿನಂತೆ ಹತ್ತುತ್ತಿದ್ದವು. ಜೈ ಭೀಮ್. ಕಟ್ಟುಕಥೆ. ಅಜ್ಜಿಗೆ ಸಾವಿರ ಶರಣು. ಇವರಿಗೆ ಎಷ್ಟು ಕೊಟ್ಟರೂ ಸಾಲದು. ಈಗ ಎಲ್ಲಿದೆ ಜಾತಿ? ಈ ಹುಡುಗಿಯ ಮನೆ ಎಲ್ಲಿ, ತೋರಿಸುತ್ತೇವೆ. ಬೆಂಗಳೂರಿನ ಒಬ್ಬರು ಅಳುವ ಮುಖ ಹಾಕಿ, ಅದರ ಕೆಳಗೇ ತಮ್ಮ ಸೀರೆ ಅಂಗಡಿಯ ವಿಳಾಸ ಹಾಕಿದ್ದರು. ಲಿಂಗಸುಗೂರಿನ ಒಬ್ಬ ಹುಡುಗ ತಮ್ಮೂರ ಹೋಟ್ಲಿನ ಕಪ್ಪಿನ ಫೋಟೋ ಹಾಕಿದ್ದ. ಮಸ್ಕಿ ಕಡೆಯ ಅನುಪಮಾ ಅನ್ನುವ ಹುಡುಗಿ, "ನಮ್ಮಲ್ಲಿ ಇನ್ನೂ ಜರ್ಮನ್ ಲೋಟಾನೇ ಐತ್ರಿ, ಇನ್ನೂ ಪೇಪರ್ ಆಗಿಲ್ಲ," ಅಂತ ಬರೆದಿದ್ದಳು. ಓದಿ ನಗು ಬಂತು. ಆಮೇಲೆ ನಾಚಿಕೆಯಾಯಿತು, ಯಾಕೆ ನಕ್ಕೆ ಅಂತ.

ಎಷ್ಟೋ ಸಾವಿರ ಹೃದಯ ಬಂದವು. ಒಂದು ಗಾಜಿನ ಗ್ಲಾಸು ಬರಲಿಲ್ಲ.

ಬಂದದ್ದು ಬೇರೆ. ಅಣ್ಣನನ್ನು ಎಲ್ಲ ಗ್ರೂಪುಗಳಿಂದ ತೆಗೆದರು. ಮುಂಜಾನೆ ನಾಟಿಗೆ ಕರೆದೊಯ್ಯುವ ಟಂಟಂ ಗಾಡಿ ಕೇರಿಗೆ ಬರಲಿಲ್ಲ. ಅವ್ವ, ಅವಳ ಗುಂಪಿನವರು ಬುತ್ತಿ ಕಟ್ಟಿಕೊಂಡು ರಸ್ತೆಯಲ್ಲಿ ನಿಂತೇ ಇದ್ದರು. ಬಿಸಿಲು ಏರಿತು. ಗಿರಣಿಗೆ ಜೋಳ ಒಯ್ದವರಿಗೆ ಕರೆಂಟ್ ಇಲ್ಲ ಅಂದರು. ಒಳಗೆ ಗಿರಣಿ ಗರಗರ ತಿರುಗುತ್ತಿತ್ತು.

ಹೊತ್ತು ಏರಿದ ಮೇಲೆ ಸಾವ್ಕಾರನ ಮಾತು ಬಂತು. ತಂದವನು ನಮ್ಮ ಕೇರಿಯ ಹಿರಿಯ ಬಸ್ಸಪ್ಪ. ಅವನು ಸಾವ್ಕಾರನ ಗದ್ದೆಯಲ್ಲಿ ನೀರು ಕಟ್ಟುವವನು. ರುಮಾಲು ಕೈಯಲ್ಲಿ ಹಿಡಿದು ನಮ್ಮ ಅಂಗಳದಲ್ಲಿ ನಿಂತ. ಹಿಂದೆ ಇಡೀ ಕೇರಿ.

"ಮುದುಕಿ ಒಂದು ಮಾತು ಅನ್ನಬೇಕಂತ. ಅದು ಬರೀ ಕಥಿ, ನಮ್ಮೂರಾಗ ಅಂಥಾದೇನಿಲ್ಲ ಅಂತ. ಅದನ್ನ ವೀರೇಶ ಫೋನಿನ್ಯಾಗ ತೆಗೀಬೇಕಂತ. ಹಳೇದನ್ನ ಅಳಸಬೇಕಂತ. ಅಲ್ಲಿತನ ಯಾರ ಗದ್ದಿಗೂ ನಾವು ಕಾಲಿಡಂಗಿಲ್ಲ."

"ಅಂದುಬಿಡಬೇ ಜೋಗವ್ವ," ಅಂದಳು ಒಬ್ಬಳು. "ನಾಲಿಗಿಗೆ ಏನು ಮುಳ್ಳು ಚುಚ್ಚತದ?"

"ನಿನ್ನ ಮೊಮ್ಮಗಳ ಫೋನಿನ ಆಟಕ್ಕ ನಮ್ಮ ಒಲಿ ಯಾಕ ಆರಬೇಕು?" ಅಂದಳು ಇನ್ನೊಬ್ಬಳು. ಅವಳ ಕಣ್ಣು ನನ್ನ ಮೇಲಿತ್ತು. "ಕಾಲೇಜಿಗೆ ಹೋಗಾಕಿ ನೀ. ಬಗ್ಗಾಕಿ ನಾ."

ಅವಳು ಹೇಳಿದ್ದು ಸುಳ್ಳಲ್ಲ. ನಾಟಿ ಇರುವುದೇ ವರ್ಷದಲ್ಲಿ ಕೆಲವೇ ದಿನ. ಆ ದಿನಗಳ ಕೂಲಿಯಲ್ಲೇ ಕೇರಿಯ ವರ್ಷ ನಡೆಯಬೇಕು. ಆಮೇಲೆ ಗದ್ದೆ ಕರೆಯುವುದಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. ಹೊಡೆಯುತ್ತಾಳೆ ಅಂದುಕೊಂಡೆ. "ಹಾಕೋ ಮೊದ್ಲು ನನ್ನ ಕೇಳಬೇಕಿತ್ತು ನೀ," ಅಂದಳು. "ಕೇಳಿದ್ರ ಬ್ಯಾಡ ಅಂತಿದ್ದೆ. ಅದಕ್ಕ ಕೇಳಿಲ್ಲ ನೀ, ಹೌದಿಲ್ಲ?"

ಹೌದು ಅಂದೆ.

ಅವ್ವ ಕೇರಿಯ ಕಡೆ ತಿರುಗಿದಳು. "ನಾ ಅವ್ರ ಗದ್ದ್ಯಾಗ ಮದುವಿ ಆದ ವರ್ಷದಿಂದ ಬಗ್ಗೀನಿ. ಈಕಿ ಹೊಟ್ಯಾಗಿದ್ದಾಗ ಬಗ್ಗೀನಿ. ನೀರಾಗ ನಿಂತು ನಿಂತು ಉಗುರು ಕೊಳತಾವು. ನಾ ಹಚ್ಚಿದ ಸಸಿ ಅನ್ನ ಆಗಿ ಅವ್ರ ಗಂಗಾಳಕ್ಕ ಹೋಗ್ತದ. ಅನ್ನಕ್ಕ ನನ್ನ ಕೈ ನಡೀತದ, ಗ್ಲಾಸಿಗೆ ನಡೆಯಂಗಿಲ್ಲ. ಇದು ಕಥಿ ಏನ್ರಬೇ? ಕಥಿ ಅನ್ನಾಕಿ ಒಬ್ಬಾಕಿ ಮುಂದ ಬರ್ರಿ."

ಯಾರೂ ಮುಂದೆ ಬರಲಿಲ್ಲ. ಹಿಂದಕ್ಕೂ ಹೋಗಲಿಲ್ಲ.

ಸುದ್ದಿ ಫೋನಿನಲ್ಲಿ ಓಡಾಡಿ ಆಫೀಸುಗಳಿಗೂ ಮುಟ್ಟಿತ್ತು. ಪಂಚಾಯ್ತಿಯಲ್ಲಿ ಶಾಂತಿ ಸಭೆ ಕರೆದರು. ಒಂದು ಜೀಪಿನಲ್ಲಿ ಅಧಿಕಾರಿ ಬಂದರು, ಇನ್ನೊಂದರಲ್ಲಿ ಪೊಲೀಸರು. ಸಾವ್ಕಾರ ಅಮರಗುಂಡಪ್ಪ ಕುರ್ಚಿಯಲ್ಲಿ. ಶಿವಕಾಂತ ಅವನ ಹಿಂದೆ ಬಿಳಿ ಅಂಗಿಯಲ್ಲಿ. ನಾವು ಜಮಖಾನದ ಮೇಲೆ.

ಅಧಿಕಾರಿ ಒಳ್ಳೆಯವರೇ ಇರಬೇಕು. ಅವರಿಗೆ ಅವಸರವಿತ್ತು. "ನೋಡ್ರಿ, ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದೀರಿ. ಸಣ್ಣದೊಂದು ತಪ್ಪು ತಿಳಿವಳಿಕೆ. ಈಗ ಎಲ್ಲರೂ ಸೇರಿ ಒಂದೇ ಥರದ ಗ್ಲಾಸಿನಲ್ಲಿ ಚಹಾ ಕುಡಿಯೋಣ. ಒಂದು ಫೋಟೋ ತೆಗೆಯೋಣ. ಅಜ್ಜಿ ಒಂದು ಮಾತು ಹೇಳಲಿ. ಮುಗೀತು."

ಪಾರ್ವತೆಮ್ಮನ ಹೋಟ್ಲಿನಿಂದ ಟ್ರೇ ಬಂತು. ಟ್ರೇ ತುಂಬ ಗಾಜಿನ ಗ್ಲಾಸು. ನಾನು ಅವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಣ್ಣ ಗ್ಲಾಸು. ಮೈಮೇಲೆ ಗೆರೆ. ಇದಕ್ಕೇನಾ ಇಷ್ಟೆಲ್ಲಾ, ಅನ್ನಿಸಿತು.

ಶಿವಕಾಂತ ಅಣ್ಣನ ಕೈಗೆ ಫೋನು ಕೊಟ್ಟ. ತನ್ನದೇ ಫೋನು. ಮೂರು ಕಣ್ಣಿನದು. "ತೆಗಿಯೋ ವೀರೇಶ. ಮಸ್ತ್ ಬರ್ಬೇಕು. ಇದು ಮುಗೀಲಿ, ಮಿಲ್ಲಿನ ಮಾತು ಪಕ್ಕಾ ಮಾಡ್ತೀನಿ."

ಅಣ್ಣ ಫೋನು ಎತ್ತಿ ಅಜ್ಜಿಯ ಮುಖಕ್ಕೆ ಹಿಡಿದ.

"ಹೇಳಬೇ," ಅಂದ ಸಾವ್ಕಾರ. "ಬರೀ ಕಥಿ ಅನ್ನು."

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಬರೀ ಕಥೀರಿ," ಅಂದಳು.

ಸಭೆ ಉಸಿರು ಬಿಟ್ಟಿತು.

"ಬರೀ ಕಥಿ. ಹೌದ್ರಿ ಸಾಹೇಬ್ರ. ನಾ ಏಳು ಅಕ್ಕತಂಗೇರ ಕಥಿ ಹೇಳೀನಿ, ಹಾವಿನ ರಾಣಿ ಕಥಿ ಹೇಳೀನಿ. ಒಂದಕ್ಕೂ ಜೀಪ್ ಬಂದಿದ್ದಿಲ್ಲ. ಈ ಕಥಿಗೆ ಎರಡೆರಡು ಜೀಪ್ ಯಾಕ ಬಂದಾವ್ರಿ?"

ಒಬ್ಬ ಪೊಲೀಸ್ ಫಕ್ಕನೆ ನಕ್ಕು ಟೋಪಿ ಸರಿಮಾಡಿಕೊಂಡ.

"ಏ ಮುದುಕಿ!" ಸಾವ್ಕಾರ ಎದ್ದ. "ಸೊಕ್ಕು ಬಂದೈತೇನು? ಲೇ ವೀರ್ಯಾ, ಅಷ್ಟು ಕತ್ತರಿಸು. 'ಬರೀ ಕಥಿ' ಅಂದಿದ್ದಷ್ಟ ಇಟಗೊಂಡು ಹಾಕು."

ಅಣ್ಣ ಫೋನು ಕೆಳಗಿಳಿಸಿದ. ಅದನ್ನು ಒಮ್ಮೆ ನೋಡಿದ. ತೆಗೆದದ್ದನ್ನು ಬೆರಳಿನಿಂದ ಅಳಿಸಿದ. ಶಿವಕಾಂತನ ಮುಂದೆ ಜಮಖಾನದ ಮೇಲೆ ಫೋನಿಟ್ಟ.

"ನಿಮ್ಮ ಬೆಂಚು ತೊಳದ್ರಲ್ಲ ಶಿವಕಾಂತಣ್ಣ, ನಾ ಎದ್ದ ಮ್ಯಾಲ," ಅಂದ. "ನಾ ತಿರುಗಿ ನೋಡಿದ್ದೆ. ನೋಡಿದ ಮ್ಯಾಲೂ ಹಾಡು ಹಾಕಿ ನಿಮಗ ರೀಲ್ ಮಾಡಿಕೊಟ್ಟೆ. ಅದ ಸಾಕು. ಇನ್ನ ಮಾಡಂಗಿಲ್ಲ."

"ಮಿಲ್ಲಿನ ಕೆಲಸ ಬ್ಯಾಡೇನು ಹಂಗಾರ?"

"ಬ್ಯಾಡ."

ಅಣ್ಣ ಜಮಖಾನದ ಮೇಲೆ ನಮ್ಮ ಪಕ್ಕಕ್ಕೆ ಬಂದು ಕೂತ.

ಅಧಿಕಾರಿ ಬೆವರು ಒರೆಸಿಕೊಂಡರು. "ಆಯ್ತು, ಮಾತು ಬೇಡ. ಚಹಾ ಆದರೂ ಕುಡಿಯಿರಿ. ಆರಿ ಹೋಗ್ತಿದೆ." ಟ್ರೇ ನನ್ನ ಮುಂದೆ ಬಂತು. ನನ್ನ ಪಕ್ಕದಲ್ಲಿ ಬಸ್ಸಪ್ಪ ಆಗಲೇ ಒಂದು ಗ್ಲಾಸು ಕೈಗೆ ತೆಗೆದುಕೊಂಡಿದ್ದ. ಎದುರಿಗೆ ಪತ್ರಿಕೆಯವನ ಕ್ಯಾಮೆರಾ.

ನಾನು ಎದ್ದು ನಿಂತೆ. ಕಾಲು ನಡುಗುತ್ತಿದ್ದವು. ಕಥೆಯಲ್ಲಿ ರಾಕ್ಷಸನ ಮುಂದೆ ನಿಂತ ಹುಡುಗಿಯ ಕಾಲು ನಡುಗಿದವು ಅಂತ ಅಜ್ಜಿ ಯಾವತ್ತೂ ಹೇಳಿರಲಿಲ್ಲ.

"ಇವತ್ತು ಬ್ಯಾಡ್ರಿ ಸರ್," ಅಂದೆ. "ನಾಳೆ ಮುಂಜಾನೆ ಹೋಟ್ಲಿಗೆ ಬರ್ತೀವಿ. ನೀವು ಇರಲಾರದಾಗ. ಪೊಲೀಸ್ರು ಇರಲಾರದಾಗ. ಫೋಟೋ ಇರಲಾರದಾಗ. ಆವಾಗ ಇದ ಗ್ಲಾಸು ಕೊಡ್ಲಿ. ಕುಡೀತೀವಿ."

ಬಸ್ಸಪ್ಪ ಕೈಯಲ್ಲಿದ್ದ ಗ್ಲಾಸನ್ನು ನೋಡಿದ. ತುಟಿಯ ಹತ್ತಿರ ಹೋಗಿತ್ತು ಅದು. ಟ್ರೇಯಲ್ಲಿ ಮರಳಿ ಇಟ್ಟ. ಒಂದು ಹನಿ ಚೆಲ್ಲಲಿಲ್ಲ. ರುಮಾಲು ತಲೆಗೆ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಹೋದ.

ಮರುದಿನ ಮುಂಜಾನೆ ಹೋದೆವು. ಹೋಟ್ಲಿಗೆ ಕೀಲಿ. ಅದರ ಮರುದಿನವೂ ಕೀಲಿ. ನಮಗೆ ಗ್ಲಾಸು ಕೊಡುವುದಕ್ಕಿಂತ ಇಡೀ ಊರು ಚಹಾ ಬಿಟ್ಟಿತು. ಬಸ್ಸಿಗೆ ಕಾಯುವವರು ನಮ್ಮನ್ನು ನೋಡಿ ಉಗುಳುತ್ತಿದ್ದರು. ಅವ್ವನ ಗುಂಪು ಬೇವಿನ ಮರ ಬಿಟ್ಟು ಹೋಟ್ಲಿನ ಬಾಗಿಲ ಮುಂದೆಯೇ ಕೂತಿತು. ಅಜ್ಜಿಯನ್ನೂ ಕರೆತಂದೆವು. ಎಲ್ಲರೂ ಕೂತಿರಲಿಲ್ಲ, ಹೇಳಬೇಕು. ಕೆಲವರು ಬೇರೆ ಊರ ಗದ್ದೆಗೆ ಹೋದರು. ಕೆಲವರು ನಮ್ಮ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿದರು. ನಮ್ಮ ಮನೆಯಲ್ಲಿ ನುಚ್ಚಿನ ಗಂಜಿ. ನಾನು ಕಾಲೇಜು ಬಿಟ್ಟು ಕೂತೆ. ಫೋನಿನ ಜನ ಆಗಲೇ ಬೇರೆ ಯಾವುದಕ್ಕೋ ಅಳುತ್ತಿದ್ದರು.

ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಕೆಸರು ಮಾಡಿದ ಗದ್ದೆಗಳು ತಯಾರಾಗಿ ಬಿದ್ದಿದ್ದವು. ಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಬಲಿತ ಸಸಿ ಹಚ್ಚಿದರೆ ತೆನೆ ಕಟ್ಟುವುದಿಲ್ಲ. ಅದು ಸಾವ್ಕಾರನಿಗೂ ಗೊತ್ತು, ಅವ್ವನಿಗೂ ಗೊತ್ತು.

ಒಂದು ಮುಂಜಾನೆ ಮಸ್ಕಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರೇಲರಿನ ತುಂಬ ಹೆಣ್ಣುಮಕ್ಕಳು. ಸಾವ್ಕಾರ ಹೊರಗಿನ ಗುಂಪು ಕರೆಸಿದ್ದ. ಶಿವಕಾಂತ ಬೈಕಿನಲ್ಲಿ ಮುಂದೆ ಬಂದು, "ಗಾಡಿ ನಿಂದ್ರಸಬ್ಯಾಡ, ಸೀದಾ ಗದ್ದಿಗೆ ಹೊಡಿ," ಅಂದ.

ಟ್ರೇಲರಿನಿಂದ ಒಬ್ಬಳು ಕೂಗಿದಳು. "ಏ ನಿಂದ್ರಸಣ್ಣ! ಅಲ್ಲಿ ಕುಂತಾಕಿ ಜೋಗಮ್ಮಜ್ಜಿ ಅಲ್ಲೇನು?"

ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿದಳು. ನನ್ನ ವಯಸ್ಸಿನವಳೇ. ಬಂದು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನಾ ಅನುಪಮಾ ಬೇ. ಜರ್ಮನ್ ಲೋಟದಾಕಿ!"

ನನ್ನ ಕಡೆ ನೋಡಿ ನಕ್ಕಳು. ಫೋನಿನಲ್ಲಿ ಒಂದು ಸಾಲಾಗಿದ್ದವಳು ಎದುರಿಗೆ ಬೆವರುತ್ತಾ ಕೂತಿದ್ದಳು. ಅವಳ ಬೆರಳ ಸಂದಿಯಲ್ಲೂ ಅವ್ವನಿಗಿದ್ದಂಥದೇ ಬಿಳಿ ಹುಣ್ಣು.

ಅವರ ಗುಂಪಿನ ಮುಂದಾಳು ಮುನ್ನಿಬೀ. ಗಟ್ಟಿ ಹೆಂಗಸು. ಟ್ರೇಲರಿನ ಮೇಲಿಂದಲೇ ಅಂದಳು, "ಅನೂ, ಹತ್ತಬೇ. ನಾವು ಹೊಟ್ಟಿಗೆ ಬಂದೀವಿ, ಪಂಚಾಯ್ತಿಗಲ್ಲ."

ಅವ್ವ ಎದ್ದು ಹೋದಳು. "ಅಕ್ಕಾ, ನಾವು ತಡೆಯಂಗಿಲ್ಲ. ನಿಮಗೂ ಮಕ್ಕಳಿದ್ದಾವು. ಒಂದ ಕೇಳ್ತೀನಿ. ನಿಮ್ಮ ಗುಂಪಿನ್ಯಾಗ ನಮ್ಮ ಕೇರಿಯಂಥವ್ರು ಎಷ್ಟು ಮಂದಿ ಇದ್ದಾರ?"

"ಅರ್ಧಕ್ಕ ಹೆಚ್ಚು."

"ಹೊತ್ತೇರಿದ ಮ್ಯಾಲ ಗದ್ದಿಗೆ ಚಾ ಬರ್ತದ. ನಿನಗ ಗ್ಲಾಸಿನ್ಯಾಗ ಬರ್ತದ. ಈಕಿಗೆ ಪೇಪರಿನ್ಯಾಗ. ನಿನ್ನ ಪಕ್ಕಕ್ಕ ಬಗ್ಗಿದಾಕಿಗೆ. ನೋಡಿಕೋತ ಕುಡೀತಿಯೇನು?"

ಮುನ್ನಿಬೀ ಎಲೆಅಡಿಕೆ ಉಗುಳಿದಳು. ಆಮೇಲೆ ಶಿವಕಾಂತನಿಗೆ ಕೂಗಿ ಹೇಳಿದಳು, "ಛೋಟೆ ಸಾವ್ಕಾರ್, ಮುಂಜಾನಿ ಚಾ ಆಗಿಲ್ರಿ ನಮ್ಮದು. ಹೋಟ್ಲು ತೆಗಸ್ರಿ. ಎಲ್ಲಾರಿಗೂ ಗಾಜಿನ ಗ್ಲಾಸಿನ್ಯಾಗ. ಕುಡದ ಗದ್ದಿಗಿಳೀತೀವಿ."

"ಹೋಟ್ಲು ಬಂದ್ ಐತಿ."

"ಹಂಗಾರ ಕೆಲಸನೂ ಬಂದ್ ಐತ್ರಿ."

ಎಲ್ಲರೂ ಇಳಿಯಲಿಲ್ಲ. ನಾಲ್ಕಾರು ಮಂದಿ ಟ್ರೇಲರಿನಲ್ಲೇ ಕೂತು ಗದ್ದೆಗೆ ಹೋದರು. ತಲೆ ತಗ್ಗಿಸಿ ಹೋದರು. ಅವರಿಂದ ಅಷ್ಟು ದೊಡ್ಡ ಗದ್ದೆಯ ಒಂದು ಮೂಲೆ ಕೂಡ ತುಂಬಲಿಲ್ಲ. ಉಳಿದವರು ನಮ್ಮ ಜೊತೆ ಕೂತು ಬುತ್ತಿ ಬಿಚ್ಚಿದರು. ರೊಟ್ಟಿ, ಪುಂಡಿಪಲ್ಯ. ನಮಗೂ ಕೊಟ್ಟರು. ಎಷ್ಟೋ ದಿನದ ಮೇಲೆ ರೊಟ್ಟಿ ತಿಂದೆವು. ಅಜ್ಜಿ ಅವರಿಗೆ ಹಾವಿನ ರಾಣಿಯ ಕಥೆ ಹೇಳಿದಳು. ಸಂಜೆ ಬಸ್ಸಿಗೆ ಮರಳಿ ಹೋದರು.

ಮರುದಿನ ಬೆಳಿಗ್ಗೆ ಹೋಟ್ಲಿನ ಬಾಗಿಲು ತೆರೆದಿತ್ತು.

ಪಾರ್ವತೆಮ್ಮ ಒಲೆಯ ಮುಂದೆ ನಿಂತಿದ್ದಳು. ಊರ ಗಂಡಸರು ಒಂದು ಬೆಂಚಿನ ಮೇಲೆ ಮುಖ ಗಂಟು ಹಾಕಿ ಕೂತಿದ್ದರು. ಒಂದು ಬೆಂಚು ಖಾಲಿ ಇತ್ತು. ಶಿವಕಾಂತ ಬಾಗಿಲಲ್ಲಿ ನಿಂತು, "ಬರ್ರಿ, ಒಳಗ ಬರ್ರಿ," ಅಂದ. ಅವ್ವ, ಅಜ್ಜಿ, ನಾನು, ಅಣ್ಣ, ಬಸ್ಸಪ್ಪ, ಗುಂಪಿನವರು ಒಳಗೆ ಹೋದೆವು. ಹೆಣ್ಣುಮಕ್ಕಳು ಬೆಂಚಿನ ತುದಿಗೆ ತುದಿಗೆ ಕೂತರು, ಬೆಂಚು ಸುಡುತ್ತದೆಯೇನೋ ಅನ್ನುವ ಹಾಗೆ.

ಚಹಾ ಬಂತು. ಪೇಪರ್ ಕಪ್ಪಿನಲ್ಲಿ. ನಮಗೂ ಪೇಪರ್ ಕಪ್ಪು. ಎದುರು ಬೆಂಚಿನವರಿಗೂ ಪೇಪರ್ ಕಪ್ಪು.

"ಈಗ ಎಲ್ಲಾರಿಗೂ ಒಂದ," ಅಂದ ಶಿವಕಾಂತ. "ಸಮಾನ ಆತಿಲ್ಲೋ? ಇನ್ನ ನಡ್ರಿ, ಸಸಿ ಬಲಿಯಾಕತ್ತೈತಿ."

ನಮ್ಮವರು ಮುಖ ಮುಖ ನೋಡಿಕೊಂಡರು. ಒಬ್ಬಿಬ್ಬರು ಕಪ್ಪಿಗೆ ಕೈ ಹಾಕಿದರು. ಸಮಾನವೇ ಆಗಿತ್ತಲ್ಲ. ನಾನು ಓದಿದ್ದೆಲ್ಲ ತಲೆಯಲ್ಲಿ ಗಿರಗಿರ ತಿರುಗಿತು. ಒಲೆಯ ಹಿಂದೆ ಹಲಗೆಯ ಮೇಲೆ ಗಾಜಿನ ಗ್ಲಾಸುಗಳು ಬೋರಲು ಬಿದ್ದಿದ್ದವು. ನಾವು ಬಾಯಿ ಹಚ್ಚಬಾರದು ಅಂತ ಊರೇ ಅವನ್ನು ಬಿಟ್ಟಿತ್ತು.

ಅವ್ವ ಎದ್ದಳು.

ಸೊಂಟ ಹಿಡಿದು ನಿಧಾನ ಎದ್ದಳು. ಒಲೆ ದಾಟಿದಳು. ಯಾವ ಕೇರಿಯವರೂ ಆ ಒಲೆ ದಾಟಿ ಹೋಗಿರಲಿಲ್ಲ.

"ಏ ಗ್ಯಾನಿ, ಮುಟ್ಟಬ್ಯಾಡ!" ಎದುರು ಬೆಂಚಿನಿಂದ ಯಾರೋ ಅಂದರು.

ಅವ್ವ ಹಲಗೆಯಿಂದ ಒಂದು ಗ್ಲಾಸು ತೆಗೆದಳು. ಗೆರೆಗೆರೆ ಗ್ಲಾಸಿನ ಸುತ್ತ ಅವಳ ಸೀಳು ಬಿಟ್ಟ ಬೆರಳುಗಳು. ಪಾರ್ವತೆಮ್ಮನ ಮುಂದೆ ಹಿಡಿದಳು.

"ಹಾಕ್ರಿ."

"ಹಾಕಬ್ಯಾಡ ಪಾರ್ವತೆಮ್ಮ," ಅಂದಿತು ಬೆಂಚು.

ಪಾರ್ವತೆಮ್ಮನ ಕೈಯಲ್ಲಿ ಕೆಟ್ಲಿ. ಅವಳು ಬೆಂಚು ನೋಡಿದಳು. ಶಿವಕಾಂತನನ್ನು ನೋಡಿದಳು. ಶಿವಕಾಂತ ಬಾಗಿಲಿನಿಂದ ಹೊರಗೆ ಗದ್ದೆಯ ಕಡೆ ನೋಡುತ್ತಿದ್ದ. ದೂರದಲ್ಲಿ ಖಾಲಿ ಗದ್ದೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕಿ ಚರ್ ಅಂದಿತು. ಯಾರೂ ಅದರ ಕಡೆ ನೋಡಲಿಲ್ಲ. ಅವ್ವನ ಕೈ ಇಳಿಯಲಿಲ್ಲ.

ಫೋನು ನನ್ನ ಕೈಯಲ್ಲೇ ಇತ್ತು. ತೆಗೆಯಲಿಲ್ಲ. ನಾನು ನೋಡಬೇಕಿತ್ತು.

"ಹಾಕಬೇ ಅತ್ತಿ," ಅಂದ ಶಿವಕಾಂತ, ತಿರುಗಿ ನೋಡದೆ.

ಪಾರ್ವತೆಮ್ಮ ಹಾಕಿದಳು. ಚಹಾ ತುಳುಕಿ ಅವ್ವನ ಬೆರಳ ಮೇಲೆ ಬಿತ್ತು. ಅವ್ವ ಬೆರಳು ಸರಿಸಲಿಲ್ಲ. ನಿಂತಲ್ಲೇ ಗ್ಲಾಸು ತುಟಿಗೆ ಹಚ್ಚಿ ಒಂದು ಗುಟುಕು ಕುಡಿದಳು. ನುಂಗಿದಳು. ಇಡೀ ಹೋಟ್ಲು ಅವಳ ಗಂಟಲನ್ನೇ ನೋಡುತ್ತಿತ್ತು.

ಅವ್ವ ಮುಖ ಸಿಂಡರಿಸಿದಳು.

"ಸಕ್ರಿ ಕಮ್ಮಿ ಆಗೇತ್ರಿ ಪಾರ್ವತೆಮ್ಮಾರ," ಅಂದಳು. ಗ್ಲಾಸನ್ನು ಮತ್ತೆ ಮುಂದೆ ಹಿಡಿದಳು. "ಇನ್ನೊಂದೀಟು ಹಾಕ್ರಿ."